ಎಂಟು ಬೋಲ್ಟು, ಮೂರು ಸುತ್ತು

ಸಂಜೆ ಬರುತ್ತೇನೆಂದಿದ್ದ ದೋಣಿಯವನು ಬೆಳಿಗ್ಗೆ ಹತ್ತಕ್ಕೇ ಬಂದು, ಖಾಲಿ ಎಣ್ಣೆಡಬ್ಬಿಯೊಂದನ್ನು ಬೋರಲು ಹಾಕಿಕೊಂಡು, ಮದುವೆಗೆ ಎರಡು ದಿನ ಮೊದಲೇ ಬಂದಿಳಿದ ನೆಂಟನ ಹಾಗೆ ಕಾಲು ಚಾಚಿ ಕೂತದ್ದನ್ನು ಅವಳು ಕಂಡಳು. ಒರೆಸಿಟ್ಟಿದ್ದ ಬೋಲ್ಟನ್ನೇ ಎತ್ತಿಕೊಂಡು ಮತ್ತೆ ಒರೆಸಿದಳು. ಎಂಟು ಬೋಲ್ಟುಗಳು, ಎಂಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಹನ್ನೊಂದು ದಿನದಿಂದ ಕಟ್ಟುತ್ತ ಬಂದ ಎಂಜಿನ್ನಿಗೆ ಇನ್ನು ಉಳಿದದ್ದು ಇದೊಂದೇ. ಅದರ ಬೆನ್ನಿಗೆ ಆ ದೊಡ್ಡ ಹಲ್ಲಿನ ಚಕ್ರವನ್ನು ಕೂರಿಸಿ ಈ ಎಂಟನ್ನು ಬಿಗಿಮಾಡಿದರೆ ಮುಗಿಯಿತು.

"ಏನಯ್ಯಾ, ಸಂಜೆ ಅಂದಿದ್ದೆ?" ಎಂದರು ಅವಳ ಗಂಡ, ತಲೆಯೆತ್ತದೆ. ಊರೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳೂ ಮನಸ್ಸಿನೊಳಗೆ ಹಾಗೇ ಕರೆದುಕೊಂಡದ್ದು ಇಪ್ಪತ್ತೆರಡು ವರ್ಷವಾದರೂ ಬದಲಾಗದೆ ಉಳಿದಿತ್ತು.

"ನಿಮ್ಮ ಸಂಜೆ ಯಾವಾಗ ಆಗುತ್ತೆ ಅಂತ ಸೂರ್ಯನಿಗೂ ಗೊತ್ತಿಲ್ಲ ಮೇಸ್ತ್ರಿ," ಎಂದ ದೋಣಿಯವನು. "ಹೋದ ಸಲ ಸೋಮವಾರದ ಸಂಜೆ ಅಂದಿದ್ದು ಗುರುವಾರ ಆಯ್ತು. ಅದಕ್ಕೇ ಈ ಸಲ ಪಕ್ಕದಲ್ಲೇ ಕೂತು ಎತ್ಕೊಂಡು ಹೋಗೋಣ ಅಂತ ಬಂದೆ. ಹನ್ನೆರಡಕ್ಕೆ ಇಲ್ಲಿಂದ ಹೊರಟ್ರೆ ಸಂಜೆಯೊಳಗೆ ದೋಣಿಗೆ ಕೂರಿಸ್ತೀನಿ, ಬೆಳಿಗ್ಗೆ ಮೊದಲ ಸರದಿ ನಂದೇ. ನಲವತ್ತು ಜನ ಅಕ್ಕ, ಒಂದು ಸಲಕ್ಕೆ! ನಡುನೀರಲ್ಲಿ ಇದು ಕೈಕೊಟ್ರೆ ನಾನು ಯಾವ ದೇವರನ್ನ ಕರೀಲಿ?"

"ಮೊದಲು ಮೇಸ್ತ್ರೀನ ಕರಿ. ದೇವರಿಗೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ," ಎಂದರು ಮೇಸ್ತ್ರಿ.

ದೋಣಿಯವನು ತೊಡೆ ತಟ್ಟಿಕೊಂಡು ನಕ್ಕ. ಅವಳು ನಗಲಿಲ್ಲ. ತಪ್ಪಾಯಿತು ಎಂದು ಮೇಸ್ತ್ರಿಯ ಪರವಾಗಿ ದೇವರಿಗೆ ಮನಸ್ಸಿನಲ್ಲೇ ಹೇಳಿಕೊಂಡಳು. ಇದೂ ಅವಳ ದಿನದ ಕೆಲಸಗಳಲ್ಲಿ ಒಂದಾಗಿತ್ತು. ಆದರೆ ಹನ್ನೆರಡು ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಮೇಸ್ತ್ರಿ ಊಟಕ್ಕೆ ಹೋಗುವುದು ಒಂದು ಗಂಟೆಗೆ.

ಒಂಬತ್ತು ತಿಂಗಳಿಂದ ಅವಳ ಬದುಕು ಆ ಊಟದ ಹೊತ್ತಿನ ಮೇಲೆ ನಿಂತಿತ್ತು. ಒಂದಕ್ಕೆ ಸರಿಯಾಗಿ ಮೇಸ್ತ್ರಿ ಕೈತೊಳೆದು, ಎಡಗೈಯಿಂದ ಬಲಗೈಯನ್ನು ಒರೆಸಿ, ಎರಡು ಬೀದಿಯಾಚೆಯ ಮನೆಗೆ ಹೋಗಿ ಅವಳು ಮುಚ್ಚಿಟ್ಟು ಬಂದದ್ದನ್ನು ಉಂಡು, ಒಂದಿಷ್ಟು ಅಡ್ಡಾಗಿ ಎದ್ದು ಬರುವಷ್ಟರಲ್ಲಿ ಅವಳು ಬಾಗಿಲನ್ನು ಅರ್ಧ ಎಳೆದುಕೊಂಡು, ಬೆಳಿಗ್ಗೆಯಿಂದ ಅವರು ಬಿಗಿಮಾಡಿದ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಮಾಡುತ್ತಿದ್ದಳು. ಕದ್ದು. ಆರು ಎಂಜಿನ್ನುಗಳು ಹೀಗೆ ಈ ಬಾಗಿಲು ದಾಟಿ ಹೋಗಿದ್ದವು, ಆರೂ ಚೆನ್ನಾಗಿ ಓಡುತ್ತಿದ್ದವು, ಜನ ಬಂದು ಕೈ ಇನ್ನೂ ಪಳಗಿದ ಕೈಯೇ ಮೇಸ್ತ್ರಿ ಎಂದು ಹೇಳಿಹೋಗಿದ್ದರು. ಆಗೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಇದ್ದುದನ್ನು ಎತ್ತಿಕೊಂಡು ಹೋದರೆ ಕಳ್ಳತನ ಎನ್ನುತ್ತಾರೆ. ಇಲ್ಲದ್ದನ್ನು ತಂದಿಟ್ಟು ಬಾಯಿಮುಚ್ಚಿಕೊಂಡರೆ ಅದಕ್ಕೇನು ಹೆಸರು? ಇವತ್ತು ಆ ಹೊತ್ತೇ ಇಲ್ಲ. ಈ ಎಣ್ಣೆಡಬ್ಬಿಯ ಮೇಲೆ ಕೂತವನು ಏಳುವವನಲ್ಲ, ಹನ್ನೆರಡಾದ ಮೇಲೆ ಎಂಜಿನ್ನನ್ನು ಇಲ್ಲಿ ಬಿಟ್ಟಿರುವವನಲ್ಲ. ನಲವತ್ತು ಜನ ಎಂದನಲ್ಲ, ಅದರಲ್ಲಿ ಮಕ್ಕಳೆಷ್ಟು ಎಂದು ಕೇಳಬೇಕೆನಿಸಿ ಕೇಳಲಿಲ್ಲ.

ಚಕ್ರವನ್ನು ಕೂರಿಸಿ, ಎಂಟು ಬೋಲ್ಟುಗಳನ್ನೂ ಬೆರಳಿನಿಂದ ತಿರುವಿ ಹಾಕಿ, "ಹಿಡ್ಕೋ," ಎಂದರು ಮೇಸ್ತ್ರಿ.

ಅವಳು ಉದ್ದನೆಯ ಕಬ್ಬಿಣದ ರಾಡನ್ನು ಎತ್ತಿಕೊಂಡು ಅದರ ಚಪ್ಪಟೆ ತುದಿಯನ್ನು ಚಕ್ರದ ಹಲ್ಲುಗಳ ನಡುವೆ ಕೊಟ್ಟು, ನಡುವನ್ನು ಎಂಜಿನ್ನಿನ ಮೈಗೆ ಆನಿಸಿ, ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ಮೈಭಾರವನ್ನು ಅದರ ಮೇಲೆ ಬಿಟ್ಟಳು. ಬೋಲ್ಟು ತಿರುಗಿಸುವವನು ಹೇಗೆ ತಿರುಗಿಸುತ್ತಾನೋ ಹಾಗೇ ಚಕ್ರವೂ ತಿರುಗಲು ನೋಡುತ್ತದೆ. ಅದು ತಿರುಗಿದರೆ ಬೋಲ್ಟು ಬಿಗಿಯಾಗುವುದಿಲ್ಲ. ಹಿಡಿದವರು ಬೇಕು. ಎದುರೆದುರಿನ ಬೋಲ್ಟುಗಳನ್ನು ಜೋಡಿಯಾಗಿ ಹಿಡಿದು ಮೊದಲ ಸುತ್ತು ಸಡಿಲವಾಗಿ, ಎರಡನೆಯ ಸುತ್ತು ಅರೆಬಿಗಿ, ಮೂರನೆಯ ಸುತ್ತಿನಲ್ಲಿ ಪೂರ್ತಿ ಬಲ. ಮೂರನೆಯದೇ ನಿಜವಾದದ್ದು, ಮೊದಲೆರಡು ಬರೀ ಪೀಠಿಕೆ ಎನ್ನುತ್ತಿದ್ದರು ಮೇಸ್ತ್ರಿ. ಬಲ ಎಷ್ಟು ಎಂದು ಅಳೆಯುವ ರೆಂಚು ಕೆಂಪು ಪೆಟ್ಟಿಗೆಯಲ್ಲಿ ಕಪಾಟಿನ ಮೇಲಿತ್ತು, ಬೇಕಾದಷ್ಟು ಬಿಗಿಯಾದೊಡನೆ ಟಕ್ ಎನ್ನುವಂಥದು. ಅದನ್ನು ಅವರು ಮುಟ್ಟಿದವರಲ್ಲ. ಕೈಗೇ ಬುದ್ಧಿಯಿರುವಾಗ ಕೋಲಿಗೇಕೆ ಬುದ್ಧಿ, ಎನ್ನುವುದು ಅವರ ಮಾತು.

ಮೊದಲ ಸುತ್ತು ಮುಗಿಯಿತು. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಹಗ್ಗ ಹೊಸೆಯುತ್ತಿದ್ದ. ಮನೆಯ ಹಿಂದಿನ ಬಯಲಿನಲ್ಲಿ ಈ ತುದಿಯಲ್ಲಿ ಅವಳು ನಾರಿನ ಎಳೆಗಳನ್ನು ಹಿಡಿದು ನಿಂತರೆ ಆ ತುದಿಯಿಂದ ಅಪ್ಪ ತಿರುವುತ್ತ ತಿರುವುತ್ತ ಹಿಂದೆ ಹೋಗುತ್ತಿದ್ದ. ಮುಖ ಕಾಣದಷ್ಟು ದೂರ ಹೋದ ಮೇಲೂ ಅವನ ಕೈಯ ತಿರುವು ಎಳೆಗುಂಟ ಬಂದು ಅವಳ ಬೆರಳಲ್ಲಿ ಝುಮ್ಮೆನ್ನುತ್ತಿತ್ತು. ಏಳು ವರ್ಷದ ಹುಡುಗಿಗೆ ಅದೇ ಅಪ್ಪ. ಮಾತು ಕಡಿಮೆಯ ಮನುಷ್ಯ, ಎಂದೂ ತಲೆ ಸವರಿದವನಲ್ಲ, ಆದರೆ ಹಗ್ಗದಲ್ಲಿ ಬರುತ್ತಿದ್ದ. ಆಮೇಲೆ ಈ ಮನೆಗೆ ಬಂದಳು. ಮದುವೆಯಾಗಿ ಮೂರು ವಾರಕ್ಕೆ, ಒಂದು ಮಧ್ಯಾಹ್ನ ಬುತ್ತಿ ತಂದುಕೊಟ್ಟು ಹೊರಟವಳನ್ನು ಮೇಸ್ತ್ರಿ ತಡೆದು, "ಒಂಚೂರು ಇದನ್ನ ಹಿಡ್ಕೋತೀಯಾ?" ಎಂದಿದ್ದರು. ಹೊಸ ಸೀರೆಗೆ ಗ್ರೀಸು ಹತ್ತೀತೆಂದು ಸೆರಗನ್ನು ಸೊಂಟಕ್ಕೆ ಬಿಗಿದು ಹಿಡಿದಳು. ಮೂರನೆಯ ಸುತ್ತಿನಲ್ಲಿ ಅವರು ಉಸಿರು ಬಿಗಿಹಿಡಿದು ಸ್ಪ್ಯಾನರ್ ಒತ್ತಿದಾಗ ಆ ಒತ್ತು ಬೋಲ್ಟು ದಾಟಿ, ಚಕ್ರ ದಾಟಿ, ರಾಡಿನುದ್ದಕ್ಕೂ ಹರಿದು ಅವಳ ಅಂಗೈಗೆ ಬಂದು ಮುಟ್ಟಿತು. ಮುಂಗೈ, ಮೊಣಕೈ, ಭುಜ, ಹಿಮ್ಮಡಿಯವರೆಗೂ ಇಳಿಯಿತು. ಅವಳು ಬೆಚ್ಚಿಬಿದ್ದಳು. ಆ ಮೂರು ವಾರದಲ್ಲಿ ಅವರು ಅವಳನ್ನು ಅಷ್ಟು ಪೂರ್ತಿಯಾಗಿ ಮುಟ್ಟಿರಲಿಲ್ಲ. ಗೌರವದ ಮನುಷ್ಯ, ಮನೆಯಲ್ಲಿ ಕತ್ತಲೆಯಲ್ಲೂ ಏನೋ ಕೇಳಿಕೊಂಡು ಬಂದವರ ಹಾಗೆ ಇರುತ್ತಿದ್ದರು. ಇಲ್ಲಿ, ಹಾಡುಹಗಲು, ಬಾಗಿಲು ತೆರೆದಿರುವಾಗ, ಒಂದು ಮಾರು ಕಬ್ಬಿಣ ನಡುವೆ ಇರುವಾಗ, ಅವರು ಪೂರ್ತಿ ಬಂದಿದ್ದರು. ಮರುದಿನವೂ ಬುತ್ತಿ ಕೊಟ್ಟು ಅವಳು ಕೂಡಲೇ ಹೊರಡಲಿಲ್ಲ. ಅಲ್ಲಿಂದಾಚೆಗೆ ಯಾರೂ ಅವಳನ್ನು ಹೊರಡು ಎನ್ನಲೂ ಇಲ್ಲ.

"ಎರಡನೇ ಸುತ್ತು," ಎಂದರು ಮೇಸ್ತ್ರಿ.

"ಮೇಸ್ತ್ರಿ, ಕೈ ಹೇಗಿದೆ ಈಗ?" ದೋಣಿಯವನು ಕೇಳಿದ.

"ಕೈಗೇನು? ಕೈ ಕೈಯ ಹಾಗಿದೆ."

"ಅಲ್ಲ, ನಮ್ಮ ಮಾವನಿಗೂ ನಿಮ್ಮ ಹಾಗೇ ಲಕ್ವ ಹೊಡೆದಿತ್ತು. ಬಲಗೈ ಬಿದ್ದೇ ಹೋಯ್ತು. ಈಗ ಎಡಗೈಯಲ್ಲಿ ಉಣ್ತಾನೆ, ಎಡಗೈಯಲ್ಲೇ ಬೈತಾನೆ."

"ನಿಮ್ಮ ಮಾವ ಹಾಸಿಗೆ ಹಿಡಿದ. ನಾನು ನಾಲ್ಕನೇ ದಿನಕ್ಕೇ ನರ್ಸಮ್ಮನ ಮುಂದೆ ಇವಳ ಕೈ ಒತ್ತಿ ತೋರಿಸಿದ್ದೆ. ಕೇಳು ಬೇಕಾದ್ರೆ."

ದೋಣಿಯವನು ಅವಳ ಕಡೆ ನೋಡಿದ. ಅವಳು ಹೌದೆನ್ನುವ ಹಾಗೆ ತಲೆಯಾಡಿಸಿ, ರಾಡಿನ ತುದಿ ಸರಿಯಾಗಿ ಕೂತಿದೆಯೇ ಎಂದು ನೋಡುವವಳಂತೆ ಬಗ್ಗಿದಳು. ಆಸ್ಪತ್ರೆಯ ಆ ಕೋಣೆಯಲ್ಲಿ ಕಿಟಕಿಗೆ ಹಸಿರು ಬಣ್ಣ ಬಳಿದಿದ್ದರು, ಅದರಿಂದ ಎಲ್ಲರ ಮುಖವೂ ಪಾಚಿಗಟ್ಟಿದ ಹಾಗೆ ಕಾಣುತ್ತಿತ್ತು. ನರ್ಸು ಮೇಸ್ತ್ರಿಯ ಬಲಗೈಯನ್ನು ಎತ್ತಿ ಅವಳ ಕೈಯಲ್ಲಿ ಇಟ್ಟು, "ಒತ್ತಿ ನೋಡೋಣ, ಎಷ್ಟು ಆಗುತ್ತೋ ಅಷ್ಟು," ಎಂದಿದ್ದಳು. ಮೇಸ್ತ್ರಿ ಹೆಂಡತಿಯನ್ನೇ ನೋಡುತ್ತಿದ್ದರು. ಹಣೆಯ ನರ ಎದ್ದಿತ್ತು, ಕೆಳತುಟಿ ಒಳಗೆ ಮಡಚಿಕೊಂಡಿತ್ತು, ಮೂರನೆಯ ಸುತ್ತಿನ ಮುಖ ಅದು. ಅವಳು ಕೈಯೆಲ್ಲ ಕಿವಿಯಾಗಿ ಕಾದಳು. ಏನೂ ಬರಲಿಲ್ಲ. ಒದ್ದೆಬಟ್ಟೆ ಹಿಡಿದಂತೆ ಬೆಚ್ಚಗಿತ್ತು, ಭಾರವಾಗಿತ್ತು, ಅಷ್ಟೆ. "ಒತ್ತಿದ್ರಾ?" ಎಂದಳು ನರ್ಸು. "ಬಂತು, ಬಂತು," ಎಂದಳು ಅವಳು. ಎಲ್ಲಿಂದ ಬಂತೋ ಆ ಮಾತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. ರೆಪ್ಪೆಯ ಅಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಇಳಿಯಿತು. ಆಮೇಲೆ ಕೈ ನಿಧಾನವಾಗಿ ನಿಜವಾಗಿಯೇ ಎದ್ದಿತು, ಬೆರಳುಗಳು ಮಡಚಿಕೊಂಡವು, ಸ್ಪ್ಯಾನರ್ ಹಿಡಿದವು. ಬಾರದ್ದನ್ನು ಬಂತೆಂದದ್ದಕ್ಕೆ ದೇವರು ನಾಚಿಕೊಂಡು ಅಷ್ಟಿಷ್ಟು ಕಳಿಸಿದನೇನೋ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ಪೂರ್ತಿ ಕಳಿಸಿರಲಿಲ್ಲ. ಕೈಗೆ ತಾನು ಒತ್ತುತ್ತಿರುವುದು ಮೊದಲಿನಷ್ಟೇ ಎನಿಸುತ್ತಿತ್ತು. ಬೋಲ್ಟಿಗೆ ಮಾತ್ರ ಅರ್ಧ ತಲುಪುತ್ತಿತ್ತು. ಆ ಅರ್ಧ ಗೊತ್ತಿದ್ದುದು ಲೋಕದಲ್ಲಿ ಒಬ್ಬಳಿಗೇ, ರಾಡು ಹಿಡಿದವಳಿಗೆ.

ಮೂರನೆಯ ಸುತ್ತು. ಮೇಸ್ತ್ರಿ ಮೊದಲ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಎರಡೂ ಕೈ ಸೇರಿಸಿ ಒತ್ತಿದರು. ಅವಳು ಕಾದಳು. ಪಕ್ಕದ ಮನೆಯಲ್ಲಿ ಯಾರೋ ಮೆಲ್ಲಗೆ ನಡೆದಾಡಿದಂತೆ ಒಂದಿಷ್ಟು ಬಂತು, ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತಿತು. ಮೇಸ್ತ್ರಿ ಉಸಿರು ಬಿಟ್ಟರು. "ಒಂದಾಯ್ತು," ಎಂದು ಹಳದಿ ಬಣ್ಣದ ಕುಂಚ ಎತ್ತಿಕೊಂಡು ಬೋಲ್ಟಿನ ತಲೆಯಿಂದ ಚಕ್ರದ ಮೇಲಕ್ಕೆ ಒಂದು ಗೆರೆ ಎಳೆದರು. ಬಿಗಿಯಾಯಿತೆಂಬುದಕ್ಕೆ ಅದು ಗುರುತು. ಮುಂದೆ ಯಾವತ್ತಾದರೂ ಬೋಲ್ಟು ಸಡಿಲಿದರೆ ಗೆರೆ ಮುರಿದು ತೋರಿಸುತ್ತದೆ. ಅವಳು ಆ ಗೆರೆಯನ್ನು ನೋಡುತ್ತ ನಿಂತಳು. ಇದು ಸಡಿಲ. ಇದು ಸಡಿಲವಾಗಿಯೇ ಹೋಗುತ್ತದೆ. ನಡುನೀರಿನಲ್ಲಿ ಎಂಜಿನ್ ಗಡಗಡ ಅಲುಗುತ್ತ ಒಂದೊಂದೇ ಬೋಲ್ಟನ್ನು ಕಳಚುತ್ತದೆ, ದೋಣಿ ತಿರುಗಣಿಯಾಗಿ ಸುತ್ತುತ್ತದೆ, ಯಾರದೋ ಮಗು ಅಮ್ಮನ ಕೊರಳು ಹಿಡಿಯುತ್ತದೆ. ಹೇಳಿಬಿಡಬೇಕು. ಏನೆಂದು? ಈ ಬಾಯಾಳಿಯ ಮುಂದೆ? ಇವತ್ತು ಇಲ್ಲಿ ಆಡಿದ ಮಾತು ನಾಳೆ ಎರಡೂ ದಡದಲ್ಲಿ ಇಳಿಯುತ್ತದೆ.

ಎರಡನೆಯ ಬೋಲ್ಟು. ಮೇಸ್ತ್ರಿ ಒತ್ತಿದರು. ಅವಳು ರಾಡನ್ನು ಬಿಟ್ಟಳು.

ಚಕ್ರ ಗರ್ರನೆ ಕಾಲು ಸುತ್ತು ತಿರುಗಿತು. ಮೇಸ್ತ್ರಿ ಮುಗ್ಗರಿಸಿ ಎಂಜಿನ್ನಿನ ಮೇಲೆ ಮೊಣಕೈ ಊರಿದರು. "ಏಯ್!"

"ಕೈ ಜಾರ್ತು ರೀ. ಬೆವರು," ಎಂದಳು. "ಮೊದಲನೇದೂ ಸರಿಯಾಗಿ ಹಿಡಿದಿರಲಿಲ್ಲ ಅನ್ಸುತ್ತೆ. ಇನ್ನೊಂದು ಸಲ ಮಾಡಿ."

ಬೈದುಕೊಳ್ಳುತ್ತ ಮಾಡಿದರು. ಅಷ್ಟೇ ಬಂತು, ಮಣಿಕಟ್ಟಿನವರೆಗೆ. ಅವಳು ಮತ್ತೆ ಬಿಟ್ಟಳು. ಇನ್ನೊಂದು ಸಲ ಸಿಟ್ಟು ಬರಲಿ, ಸಿಟ್ಟಿನಲ್ಲಾದರೂ ಹಳೆಯ ಬಲ ಬಂದೀತು ಎಂಬ ಆಸೆ. ಬೋಲ್ಟಿಗಾಗಿ ಎಷ್ಟೋ, ತನಗಾಗಿಯೂ ಅಷ್ಟೇ ಎಂದು ಹೊಳೆದಾಗ ಕಿವಿ ಬಿಸಿಯಾಯಿತು. ಬರಲಿ, ಒಂದೇ ಒಂದು ಸಲ ಹಿಮ್ಮಡಿಯವರೆಗೆ ಬರಲಿ.

"ಅಕ್ಕ, ರಾತ್ರಿ ನಿದ್ದೆ ಮಾಡಿಲ್ವಾ?" ಎಂದ ದೋಣಿಯವನು. "ಬೇಕಾದ್ರೆ ನಾನು ಹಿಡೀತೀನಿ ಬಿಡಿ, ನೀವು ಈ ಡಬ್ಬಿ ಮೇಲೆ ಕೂತ್ಕೊಳ್ಳಿ."

"ಇಪ್ಪತ್ತೆರಡು ವರ್ಷದಿಂದ ಹಿಡಿಯೋದೊಂದೇ ಕೆಲಸ," ಎಂದರು ಮೇಸ್ತ್ರಿ, ಅವಳಿಗಲ್ಲ, ದೋಣಿಯವನಿಗೆ. "ಇವತ್ತು ಅದೂ ಮರೆತುಹೋಯ್ತು ನೋಡು. ಅಲುಗದ ಹಾಗೆ ನಿಂತ್ಕೊಳ್ಳೋಕೆ ಏನು ಓದಿರಬೇಕಾ?"

ಇಬ್ಬರೂ ನಕ್ಕರು. ಅವಳೂ ನಕ್ಕಳು, ಮುಖದ ಒಂದು ಕಡೆಯಿಂದ. ಹಿಡಿಯುವುದೇನು ದೊಡ್ಡ ಕೆಲಸ. ಆ ಮಾತು ಅವಳಿಗೆ ಹೊಸದಲ್ಲ. ಒಂಬತ್ತು ತಿಂಗಳ ಹಿಂದೆ, ಮೊದಲ ಸಲ ಕದ್ದು ಬಿಗಿಮಾಡಲು ಹೊರಟಾಗ ಅವಳಿಗೆ ಸಿಕ್ಕಿದ ತೊಡಕೇ ಅದು: ರೆಂಚು ತಿರುಗಿಸಲು ಕೈ ಇದೆ, ಹಿಡಿಯಲು ಇನ್ನೊಬ್ಬರಿಲ್ಲ. ಚಕ್ರಕ್ಕೆ ತಡೆ ಕೊಡುವಂಥದ್ದೇನಾದರೂ ಸಿಕ್ಕೀತೆಂದು ಹಳೆಯ ತಗಡಿನ ಡಬ್ಬಿಯನ್ನು ಕೆದಕಿದಾಗ ತಳದಲ್ಲಿ ಒಂದು ಮೊಳದುದ್ದದ ಕಬ್ಬಿಣದ ಪಟ್ಟಿ ಸಿಕ್ಕಿತು, ಎರಡು ತುದಿಗೆ ಎರಡು ತೂತು. ಒಂದು ತೂತನ್ನು ಚಕ್ರಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಬೋಲ್ಟು ಹಾಕಿ ಕೂರಿಸಿ ನೋಡಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಚಕ್ರ ಅಲುಗಲಿಲ್ಲ. ಅವಳಿಗಿಂತ ಚೆನ್ನಾಗಿ ಹಿಡಿಯಿತು, ಬೆವರಲಿಲ್ಲ, ಬೆಚ್ಚಲಿಲ್ಲ. ಆವತ್ತು ಕೆಂಪು ಪೆಟ್ಟಿಗೆ ತೆಗೆದು ಆ ರೆಂಚಿನಿಂದ ಒಂದೊಂದೇ ಬೋಲ್ಟನ್ನು ಟಕ್, ಟಕ್ ಎನ್ನಿಸುತ್ತ ಹೋದಾಗ ಎರಡು ದುಃಖಗಳ ನಡುವೆ ಒಂದು ಸುಖವೂ ಆಯಿತು, ಅದೇ ಅವಳಿಗೆ ಹೆಚ್ಚು ನೋವು ಕೊಟ್ಟದ್ದು. ಗಂಡನ ಕೈ ಸೋತದ್ದು ಒಂದು ದುಃಖ. ತನ್ನ ಜಾಗಕ್ಕೆ ಒಂದು ಪಟ್ಟಿ ಸಾಕಾದದ್ದು ಇನ್ನೊಂದು. ಆ ಟಕ್ ಎಂಬ ಸದ್ದಿಗೆ ಮಾತ್ರ ಮೈ ತಾನಾಗಿ ಹಿಗ್ಗಿತ್ತು. ಆಮೇಲೆ, ಬೋಲ್ಟು ತಿರುಗಿ ಮುರಿದುಹೋದ ಅವರ ಹಳದಿ ಗೆರೆಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದೇ ಕುಂಚದಿಂದ ಹೊಸ ಗೆರೆ ಎಳೆದಿದ್ದಳು. ಅವರ ಕೆಲಸಕ್ಕೆ ಅವಮಾನವಾಗಬಾರದೆಂದು ಆದಷ್ಟು ನೆಟ್ಟಗೆ, ಆದಷ್ಟು ಚೆಂದವಾಗಿ.

ಮೇಸ್ತ್ರಿ ಮತ್ತೆ ಸ್ಪ್ಯಾನರ್ ಕೊಟ್ಟರು. ಒತ್ತಲಿಲ್ಲ. ರಾಡನ್ನು ನೋಡಿದರು, ರಾಡು ಹಿಡಿದ ಅವಳ ಕೈಯನ್ನು ನೋಡಿದರು. ಒಣಗಿತ್ತು, ಬೆವರಿನ ಪಸೆಯೂ ಇರಲಿಲ್ಲ. ಆಮೇಲೆ ಸೊಂಟ ನೆಟ್ಟಗೆ ಮಾಡಿ, "ಏನಯ್ಯಾ, ಇದನ್ನ ಎತ್ತೋಕೆ ಜನ ಎಲ್ಲಿ?" ಎಂದರು ದೋಣಿಯವನಿಗೆ. "ನೀನೂ ನಾನೂ ಎತ್ತೋದಾ? ಇದೇನು ತೊಟ್ಟಿಲ ಕೂಸಾ? ಹೋಗು, ಕೈಗಾಡಿ ತಗೊಂಡು ಮೂರು ಜನರನ್ನ ಕರ್ಕೊಂಡು ಬಾ. ಹಗ್ಗ ಮರೀಬೇಡ."

"ಅಷ್ಟರಲ್ಲಿ ಆಗುತ್ತಾ?"

"ನೀನು ಇಲ್ಲಿ ಕೂತು ಮಾತಾಡ್ತಾ ಇದ್ರೆ ಆಗಲ್ಲ."

ದೋಣಿಯವನ ಚಪ್ಪಲಿ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

"ಊಟಕ್ಕೆ ಹೋಗಲಾ?" ಎಂದರು ಮೇಸ್ತ್ರಿ.

ಅವಳಿಗೆ ಅರ್ಥವಾಗಲಿಲ್ಲ. ಗೋಡೆಯ ಗಡಿಯಾರ ನೋಡಿದಳು. "ಹನ್ನೊಂದು ಗಂಟೆ ರೀ. ಹಸಿವಾ?"

"ಹಸಿವಿಲ್ಲ."

"ಮತ್ತೆ?"

"ನಿನಗೆ ಎಷ್ಟು ಹೊತ್ತು ಬೇಕು? ಇವು ಎಂಟೇ ಅಲ್ವಾ. ಅರ್ಧ ಗಂಟೆ ಸಾಕು ಅನ್ಸುತ್ತೆ. ಅಷ್ಟೊತ್ತು ಮನೇಲಿ ಕೂತು ಬರ್ತೀನಿ."

ಅವಳು ರಾಡನ್ನು ನೆಲಕ್ಕೆ ಇಳಿಸಿದಳು. ಇಳಿಸಿದ ಸದ್ದು ದೊಡ್ಡದಾಗಿ ಕೇಳಿಸಿತು. ದೋಣಿಯವನು ಬಿಟ್ಟುಹೋದ ಡಬ್ಬಿ ಕಾಲಿಗೆ ತಾಕಿ, ಅದರ ಮೇಲೆಯೇ ಕೂತಳು. "ಯಾವಾಗಿಂದ ಗೊತ್ತು?"

"ಆ ತೋಟದ ಪಂಪಿನ ಎಂಜಿನ್ನಿಂದ."

"ಅದು ಮೊದಲನೇದು."

"ಹೂಂ. ಮೊದಲನೇದು." ಮೇಸ್ತ್ರಿ ಕುಂಚವನ್ನು ಬಣ್ಣದ ಡಬ್ಬಿಯ ಅಂಚಿಗೆ ಒರೆಸುತ್ತಿದ್ದರು. "ನಾನು ಎಳೆದ ಗೆರೆ ಹುಳ ಹರಿದ ಹಾಗೆ ಇರುತ್ತೆ ಈಗ, ನೋಡಿಲ್ವಾ ನೀನು? ಊಟ ಮಾಡಿ ಬಂದು ನೋಡಿದ್ರೆ ನೆಟ್ಟಗೆ ಕೂತಿದೆ, ಕಾಪಿ ಪುಸ್ತಕದಲ್ಲಿ ಬರೆದ ಹಾಗೆ. ನಂಜೊತೆ ಗೆರೆಗೂ ಊಟ ಆಯ್ತೇನೋ ಅಂದ್ಕೊಂಡೆ."

ಅವಳಿಗೆ ನಗು ಬಂತು. "ಕೇಳಬಹುದಿತ್ತಲ್ಲ ರೀ."

"ಕೇಳಿದ್ರೆ ನೀನು ನಿಲ್ಲಿಸ್ತಿದ್ದೆ. ಎಷ್ಟೋ ದಿನ ಹಸಿವೇ ಇರ್ತಿರಲಿಲ್ಲ. ಹೋಗಿ ಸುಮ್ನೆ ಜಗಲಿ ಮೇಲೆ ಕೂತಿರ್ತಿದ್ದೆ. ನೀನು ಮುಗಿಸಿರ್ತೀಯಾ ಇಲ್ವಾ ಅಂತ ಲೆಕ್ಕ ಹಾಕ್ಕೊಂಡು ಎದ್ದು ಬರ್ತಿದ್ದೆ." ಕುಂಚ ಒರೆಸಿ ಮುಗಿದಿತ್ತು, ಆದರೂ ಒರೆಸುತ್ತಿದ್ದರು. "ಪಟ್ಟಿ ಹಾಕ್ಕೋತೀಯಾ, ಹಿಡಿಯೋಕೆ?"

"ಹೂಂ. ಆ ಹಳೇ ತಗಡಿನ ಡಬ್ಬಿ ತಳದಲ್ಲಿ ಸಿಕ್ತು. ಯಾವುದೋ ಗುಜರಿ ಅಂದ್ಕೊಂಡಿದ್ದೆ."

"ಗುಜರಿಯಲ್ಲ. ನಾನೇ ಮಾಡಿದ್ದು. ನೀನು ಬರೋಕೆ ಮುಂಚೆ ಅದರಲ್ಲೇ ನಾನೊಬ್ಬನೇ ಮಾಡ್ತಿದ್ದೆ."

ಅವಳು ಅವರನ್ನು ನೋಡಿದಳು. ಹಾಗಾದರೆ ಆವತ್ತು, ಬುತ್ತಿ ಕೊಟ್ಟು ಹೊರಟವಳನ್ನು ತಡೆದದ್ದು, ಹಿಡಿಯಲು ಯಾರೂ ಇರಲಿಲ್ಲವೆಂದಲ್ಲ. ಕೇಳಲು ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದ ಮೇಲೆ ಇಂಥದ್ದನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು? ಆದರೂ ಕೇಳಿದಳು. "ಮತ್ತೆ ಅದನ್ನ ಯಾಕೆ ತಳಕ್ಕೆ ಹಾಕಿದ್ರಿ?"

ಮೇಸ್ತ್ರಿ ಭುಜ ಕುಣಿಸಿದರು. "ಪ್ರತಿ ಸಲ ಎರಡು ಬೋಲ್ಟು ಹಾಕು, ಬಿಚ್ಚು. ಬೇಜಾರು. ನೀನು ಇದ್ಯಲ್ಲ."

ಇಷ್ಟೇ. ಇದರಲ್ಲಿ ಏನಿದೆಯೋ, ಏನಿಲ್ಲವೋ. ಬೇಜಾರು ಎಂಬುದೊಂದು ಮಾತು, ನೀನಿದ್ದೆಯಲ್ಲ ಎಂಬುದೊಂದು ಮಾತು. ಯಾವುದನ್ನು ಎತ್ತಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತಿಳಿಯದೆ ಅವಳು ಎರಡನ್ನೂ ಎತ್ತಿಕೊಂಡಳು. ಮನಸ್ಸು ಹಗುರಾಗಿಬಿಟ್ಟಿತು, ಹಗುರಾದ ಮನಸ್ಸಿಗೆ ಬಾಯಿ ಸಡಿಲ. ಎಲ್ಲ ಗೊತ್ತಿರುವವರಿಗೆ ಇನ್ನೇನು ಮುಚ್ಚಿಡುವುದು ಎನಿಸಿ, "ಆವತ್ತು ಆಸ್ಪತ್ರೇಲಿ ನಾನು ಬಂತು ಅಂದಿದ್ದು ಸುಳ್ಳು ರೀ. ಬಂದಿರಲಿಲ್ಲ," ಎಂದಳು.

ಒರೆಸುತ್ತಿದ್ದ ಕೈ ನಿಂತಿತು.

ಇದು ಅವರಿಗೆ ಗೊತ್ತಿರಲಿಲ್ಲ. ಅದು ಆಗಲೇ ಅವಳಿಗೆ ತಿಳಿಯಿತು. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಯಾವ ರಾಡೂ ಇರಲಿಲ್ಲ.

"ಬಂದಿರಲಿಲ್ವಾ?" ಎಂದರು ಮೇಸ್ತ್ರಿ.

"ಇಲ್ಲ."

"ಒಂಚೂರೂ?"

ಒಂಚೂರು ಬಂದಿತ್ತು ಎಂದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೇ ಬಂದಿತ್ತು. "ಒಂಚೂರೂ ಇಲ್ಲ," ಎಂದಳು.

ಮೇಸ್ತ್ರಿ ಬಲಗೈಯನ್ನು ಎತ್ತಿ ಮುಖದ ಮುಂದೆ ಹಿಡಿದು ನೋಡಿಕೊಂಡರು, ಯಾರದೋ ಮನೆಯಿಂದ ಎರವಲು ತಂದ ಸಾಮಾನನ್ನು ನೋಡುವ ಹಾಗೆ. ಬೆರಳುಗಳು ನಡುಗುತ್ತಿದ್ದವು. ಆಸ್ಪತ್ರೆಯಿಂದ ಇಲ್ಲಿಯವರೆಗೂ ಅವರು ಆ 'ಬಂತು' ಎಂಬ ಮಾತಿನ ಮೇಲೆ ಕಾಲೂರಿ ನಡೆದಿದ್ದರೆಂದು, ಊಟದ ನೆಪ, ಜಗಲಿಯ ಕಾಯುವಿಕೆ, ದೋಣಿಯವನ ಮುಂದಿನ ಜಂಭ ಎಲ್ಲವೂ ಅದರ ಮೇಲೆ ನಿಂತದ್ದೆಂದು ಅವಳಿಗೆ ಕಂಡಿತು. ಎದ್ದುಹೋಗಿ ಆ ಕೈಯನ್ನು ಹಿಡಿಯಬೇಕೆನಿಸಿತು. ಹಿಡಿದರೆ ಮತ್ತೆ ಒತ್ತಿ ನೋಡಿಯಾರೆಂದು ಹೆದರಿ ಕೂತೇ ಇದ್ದಳು.

ಮೇಸ್ತ್ರಿ ಕಪಾಟಿನ ಹತ್ತಿರ ಹೋದರು. ಕೆಂಪು ಪೆಟ್ಟಿಗೆಯನ್ನು ಎಡಗೈಯಿಂದ ಇಳಿಸಿ ತಂದು ಹಲಗೆಯ ಮೇಲಿಟ್ಟರು. ಅವಳನ್ನು ನೋಡದೆ, "ತಗೋ. ರಾಡು ಈ ಕಡೆ ಕೊಡು," ಎಂದರು.

"ಪಟ್ಟಿ ಹಾಕ್ತೀನಿ. ನೀವು ಕೂತ್ಕೊಳ್ಳಿ ರೀ."

"ಪಟ್ಟಿ ಬೇಡ. ರಾಡು ಕೊಡು ಅಂದ್ನಲ್ಲ."

ಅವಳು ಕೊಟ್ಟಳು. ಅವರು ತುದಿಯನ್ನು ಹಲ್ಲಿಗೆ ಕೊಟ್ಟು ಹಿಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಕಣ್ಣೆದುರು ಒಮ್ಮೆಯೂ ನಿಲ್ಲದ ಕಡೆ ಅವಳು ಹೋಗಿ ನಿಂತಳು, ಮೊದಲ ಬೋಲ್ಟಿಗೆ ರೆಂಚು ಕೂರಿಸಿದಳು, ಒತ್ತಿದಳು. ಚಕ್ರ ಒಂದು ಹಲ್ಲಿನಷ್ಟು ಸರಿಯಿತು. ಮತ್ತು ರೆಂಚಿನ ಹಿಡಿಯಲ್ಲಿ, ಅವಳ ಬೆರಳುಗಳ ಕೆಳಗೆ, ಸಣ್ಣಗೆ ಒಂದು ನಡುಕ ಬಂತು. ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡಿದರೆ ಗೋಡೆಗೆ ಆನಿಸಿದ ಬೆನ್ನಿಗೆ ಗೊತ್ತಾಗುವ ಹಾಗೆ. ಅವರ ಕೈಯ ನಡುಕ, ರಾಡಿನಿಂದ ಹಲ್ಲಿಗೆ, ಹಲ್ಲಿನಿಂದ ಚಕ್ರಕ್ಕೆ, ಚಕ್ರದಿಂದ ಬೋಲ್ಟಿಗೆ ದಾಟಿಕೊಂಡು ಬರುತ್ತಿತ್ತು. ಒಂಬತ್ತು ತಿಂಗಳಿಂದ ಬಾರದವರು ಬಂದಿದ್ದರು. ಬಲವಾಗಿ ಅಲ್ಲ, ಹೀಗೆ. ಅವಳು ಒತ್ತುವುದನ್ನು ನಿಲ್ಲಿಸಿ ಅದನ್ನು ಕೇಳುತ್ತ ನಿಂತಳು. ಇದು ಹೀಗೇ ಇದ್ದರೆ ಸಾಕು, ಬೋಲ್ಟು ಬಿಗಿಯಾಗದಿದ್ದರೂ ಸಾಕು, ದೋಣಿ ಹೋಗದಿದ್ದರೂ ಸಾಕು ಎಂದು ಒಂದು ಕ್ಷಣ ಅನಿಸಿತು. ಒಂದೇ ಕ್ಷಣ.

"ಕೈಯಲ್ಲಿ ಹಿಡೀಬೇಡಿ ರೀ," ಎಂದಳು. "ಕೈಯಲ್ಲಿ ಹಿಡಿಯೋದಲ್ಲ ಅದು. ಎದೆ ಆನಿಸಿ. ಕಾಲು ಹಿಂದಕ್ಕೆ ಹಾಕಿ, ಮೈಭಾರ ಬಿಟ್ಟುಬಿಡಿ. ನೀವು ನಿಮ್ಮನ್ನ ಹಿಡ್ಕೊಂಡಿದೀರಿ. ಬಿಡಿ."

ಮೇಸ್ತ್ರಿ ಕಾಲು ಸರಿಸಿದರು, ಎದೆಯನ್ನು ರಾಡಿಗೆ ಆನಿಸಿದರು, ಬಿಟ್ಟರು. ನಡುಕ ನಿಂತಿತು. ಅವಳು ಒತ್ತಿದಳು, ಪೂರ್ತಿ ಒತ್ತಿದಳು. ಚಕ್ರ ಬಂಡೆಯ ಹಾಗೆ ನಿಂತಿತ್ತು. ಆ ಕಡೆಯಿಂದ ಈಗ ಏನೂ ಬರುತ್ತಿರಲಿಲ್ಲ, ಉಸಿರಿನಷ್ಟೂ ಇಲ್ಲ. ಯಾರೂ ಇಲ್ಲವೇನೋ ಎಂಬಷ್ಟು ಸುಮ್ಮನಿತ್ತು. ಚೆನ್ನಾಗಿ ಹಿಡಿದವರಿಂದ ಈ ಕಡೆಗೆ ಏನೂ ಬರುವುದಿಲ್ಲ. ಹಾಗಾದರೆ ಇಪ್ಪತ್ತೆರಡು ವರ್ಷ ಇವರಿಗೆ ಸಿಕ್ಕಿದ್ದು ಇದೇ. ದಿನಾ ಅವರನ್ನು ಪೂರ್ತಿಯಾಗಿ ಪಡೆದುಕೊಂಡವಳು ತಾನು. ತಾನು ಕೊಟ್ಟದ್ದು ಬರೀ ಈ ಮೌನ. ಆ ಮೌನ ಸಾಕೆಂದು, ಅಥವಾ ಬೇಕೆಂದು, ಅವರು ಪಟ್ಟಿಯನ್ನು ತಳಕ್ಕೆ ಹಾಕಿದ್ದರು. ರೆಂಚು ಟಕ್ ಎಂದಿತು. ಅವಳು ಎದುರಿನ ಬೋಲ್ಟಿಗೆ ಹೋದಳು. ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಯಾರೂ ಎಣಿಸುತ್ತಿರಲಿಲ್ಲ. ಮೇಸ್ತ್ರಿಯ ತಲೆ ರಾಡಿನ ಮೇಲೆ ಬಾಗಿತ್ತು, ನೆತ್ತಿಯ ಕೂದಲು ತೆಳುವಾದದ್ದು ಅವಳಿಗೆ ಈ ಕಡೆಯಿಂದ ಕಂಡಿತು. ಆ ಕಡೆಯಿಂದ ಯಾವತ್ತೂ ಕಂಡಿರಲಿಲ್ಲ.

ಆರನೆಯದು ಮುಗಿದಿತ್ತು. ಬೀದಿಯ ತಿರುವಿನಲ್ಲಿ ಕೈಗಾಡಿಯ ಗಾಲಿಗಳ ಸದ್ದು, ದೋಣಿಯವನ ನಗು, ಜೊತೆಗೆ ಇನ್ನೂ ಯಾರ ಯಾರದೋ ಮಾತು. ಅವಳು ತಟ್ಟನೆ ರೆಂಚು ತೆಗೆದಳು. ಈ ಕಡೆಯಿಂದ ಆ ಕಡೆಗೆ ಮೂರೇ ಹೆಜ್ಜೆ. ಅದಲು ಬದಲಾಗಲು ಹೊತ್ತಿತ್ತು.

"ಯಾಕೆ ನಿಲ್ಲಿಸಿದೆ?" ಎಂದರು ಮೇಸ್ತ್ರಿ, ತಲೆಯೆತ್ತದೆ.

"ಬಂದ್ರು ರೀ."

"ಬರಲಿ. ಇನ್ನೂ ಎರಡಿದೆ."

ಏಳನೆಯದಕ್ಕೆ ರೆಂಚು ಕೊಟ್ಟು ಬಿಗಿಮಾಡಿದಳು. ಬಾಗಿಲಲ್ಲಿ ಗಾಡಿ ನಿಂತಿತು, ನಗು ನಿಂತಿತು, ಹೊಸ್ತಿಲ ಮೇಲೆ ದೋಣಿಯವನೂ ಮೂವರು ಹೊರೆಯಾಳುಗಳೂ ಒಬ್ಬರ ಹಿಂದೊಬ್ಬರು ಬಂದು ನಿಂತರು. ಒಳಗೆಲ್ಲ ಮಬ್ಬಾಯಿತು.

"ಇದೇನು ಮೇಸ್ತ್ರಿ," ಎಂದ ದೋಣಿಯವನು, ನಗಬೇಕೋ ಬೇಡವೋ ತಿಳಿಯದ ದನಿಯಲ್ಲಿ, "ನೀವು ಹಿಡ್ಕೊಂಡು..."

ಮೇಸ್ತ್ರಿ ರಾಡಿನ ಮೇಲಿಂದ ಎದೆ ತೆಗೆಯಲಿಲ್ಲ.

"ಬಾಗಿಲು ಬಿಟ್ಟು ನಿಂತ್ಕೊಳ್ಳಿ," ಎಂದರು. "ಅವಳಿಗೆ ಬೆಳಕು ಬೇಕು."